ಅತ್ತೆಯ ಅಕ್ಷರ, ಸೊಸೆಯ ಸಹಿ

ಸಹಿ ತನ್ನದು, ಅಕ್ಷರ ಅತ್ತೆಯದು. ಮೂರು ದಿನದಿಂದ ಅವಳ ತಲೆಯಲ್ಲಿ ಇದೊಂದೇ ಮಾತು ಬೀಸುವ ಕಲ್ಲಿನ ಹಾಗೆ ಸುತ್ತುತ್ತಿತ್ತು. ಮಗುವಿನ ಅಂಗಿಗೆ ಗುಂಡಿ ಹಾಕುವಾಗಲೂ ಅದೇ, ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗಲೂ ಅದೇ. ಅಸೈನ್‌ಮೆಂಟಿನ ಮೊದಲ ಪುಟದ ಕೆಳಗೆ ಒಂದು ಚೌಕವಿತ್ತು. ‘ಈ ಉತ್ತರಗಳನ್ನು ನಾನೇ, ನನ್ನ ಕೈಬರಹದಲ್ಲಿಯೇ ಬರೆದಿದ್ದೇನೆ’ ಎಂದು ಅಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಅವಳು ಸಹಿ ಹಾಕಿದ್ದಳು. ಮಗುವನ್ನು ಎಡ ಹೆಗಲಿಗೆ ಹಾಕಿಕೊಂಡು, ಬಲಗೈಯಲ್ಲಿ, ಏನು ಬರೆದಿದೆಯೆಂದು ಓದಿಯೂ ನೋಡದೆ. ಓದಿ ನೋಡದೆ ಎಂಬುದು ಸುಳ್ಳು. ಓದಿದ್ದಳು. ಓದಿಯೇ ಹಾಕಿದ್ದಳು.

ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜು ಅವಳದು. ದಿನಕ್ಕೆ ನಲವತ್ತು ಫೋನಾದರೂ ಮಾಡುತ್ತಾಳೆ. ‘ನಾಳೆ ಹತ್ತೂವರೆಗೆ ನಿಮ್ಮ ದವಡೆ ಹಲ್ಲಿನದು, ಮರೀಬೇಡಿ.’ ‘ಏನೂ ನೋವಾಗಲ್ಲ ಅಂಕಲ್, ಬನ್ನಿ.’ ಊರವರ ಬಾಯನ್ನೆಲ್ಲ ಫೋನಿನಲ್ಲೇ ತೆರೆಸುವವಳಿಗೆ ಈಗ ತನ್ನದೇ ಒಂದು ಫೋನು ಮಾಡಲು ಬಾಯಿ ಬರುತ್ತಿರಲಿಲ್ಲ. ಗಂಡ ಅವಳಿಗೆ ಇಟ್ಟಿದ್ದ ಹೆಸರು ‘ಗಾಬರಿ’. ಮದುವೆಯಾದ ವಾರದಲ್ಲೇ, ಬೀಗ ಬಿತ್ತೋ ಇಲ್ಲವೋ ಎಂದು ಮೂರು ಸಲ ಮೆಟ್ಟಿಲು ಹತ್ತಿ ಇಳಿದವಳಿಗೆ ಅದಕ್ಕಿಂತ ಒಪ್ಪುವ ಹೆಸರು ಅವನಿಗೆ ಸಿಕ್ಕಿರಲಿಲ್ಲ.

ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಬೇಕು, ಸಂಜೆ ಕಾಲೇಜಿನಲ್ಲಾದರೂ ಪಾಠ ಹೇಳಬೇಕು ಎಂಬುದು ಅವಳ ಹಳೆಯ ಆಸೆ. ದೂರಶಿಕ್ಷಣಕ್ಕೆ ಹೆಸರು ಕೊಟ್ಟ ವರ್ಷ ಮದುವೆ ಗೊತ್ತಾಯಿತು. ಮರುವರ್ಷ ಪರೀಕ್ಷೆಯ ತಿಂಗಳಿಗೇ ಪುಟ್ಟಿ ಹುಟ್ಟಿದಳು. ಮೂರನೆಯ ವರ್ಷ ನಿದ್ದೆಗೆಟ್ಟೇ ಕಳೆಯಿತು. ನಾಲ್ಕು ವರ್ಷದೊಳಗೆ ಮುಗಿಸದಿದ್ದರೆ ನೋಂದಣಿಯೇ ರದ್ದು. ಇದು ನಾಲ್ಕನೆಯದು. ಐದು ಪತ್ರಿಕೆ, ಐದು ಅಸೈನ್‌ಮೆಂಟು. ಐದೂ ಒಪ್ಪಿಗೆಯಾದರೆ ಹಾಲ್ ಟಿಕೆಟ್. ಒಂದು ಬಿದ್ದರೂ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಎಂ.ಎ. ಇಲ್ಲ.

ನಾಲ್ಕನ್ನು ಅವಳೇ ಬರೆದಿದ್ದಳು. ಅವಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಮೂರನೆಯ ಪತ್ರಿಕೆಯದು ಮಾತ್ರ ಉಳಿದಿತ್ತು, ಸೋಮವಾರ ಕೊನೆಯ ದಿನ. ಶನಿವಾರ ಬೆಳಿಗ್ಗೆ ಪುಟ್ಟಿಗೆ ಜ್ವರ ಬಂತು. ಎರಡು ವರ್ಷ ತುಂಬಲಿದ್ದ ಆ ಮಗುವಿಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು. ಅಮ್ಮ ಪಾಠದ ಪುಸ್ತಕ ಜೋರಾಗಿ ಓದುತ್ತಿದ್ದರೆ ಮಾತ್ರ ನಿದ್ದೆ. ಎಲ್ಲ ಮಕ್ಕಳೂ ಜೋಗುಳಕ್ಕೆ ಕಣ್ಣು ಮುಚ್ಚಿದರೆ ಇವಳು ಸಂಸದೀಯ ಪದ್ಧತಿಯ ಲಕ್ಷಣಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಅಂದು ಮೈ ಸುಡುತ್ತಿದ್ದ ಕೂಸು ಅಮ್ಮನ ಹೆಗಲು ಬಿಡಲಿಲ್ಲ. ಅಮ್ಮ ಮಾತು ನಿಲ್ಲಿಸಿದರೆ ಚೀರಾಟ. ಹೆಗಲ ಮೇಲೆ ಮಗು, ಬಾಯಲ್ಲಿ ಉತ್ತರ, ಬರೆಯಲು ಕೈಯಿಲ್ಲ.

ಅತ್ತೆ ಎಲ್ಲವನ್ನೂ ನೋಡುತ್ತಲೇ ಇದ್ದರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು ಊಟದ ಮೇಜಿಗೆ ಬಂದು ಕೂತರು.

“ಹೇಗೂ ಬಾಯಿ ಆಡ್ತಾನೇ ಇದೆಯಲ್ಲ. ಹೇಳು, ಬರೀತೀನಿ.”

“ಅಯ್ಯೋ ಬೇಡ ಅತ್ತೆ, ನಮ್ಮ ಕೈಯಲ್ಲೇ ಬರೀಬೇಕು ಅಂತ ನಿಯಮ ಇದೆ.”

“ನಿನ್ನ ಕೈ ಮಗು ಹಿಡ್ಕೊಂಡಿದೆ. ಮಗು ಇಳಿಸಿದ್ರೆ ಅಳುತ್ತೆ, ಇಳಿಸದೆ ಇದ್ರೆ ನೀನು ಅಳ್ತೀಯ. ಇಬ್ಬರ ಅಳು ಕೇಳೋ ಶಕ್ತಿ ನನಗಿಲ್ಲ. ಹೇಳು.”

ಪ್ರಶ್ನೆ ಏನೆಂದರೆ, ‘ಪ್ರಜೆಯು ಕಾನೂನನ್ನು ಏಕೆ ಪಾಲಿಸಬೇಕು?’ ಅವಳು ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ಓಡಾಡುತ್ತ ಹೇಳಿದಳು. ಅತ್ತೆ ಮುತ್ತು ಪೋಣಿಸಿದ ಹಾಗೆ ಹದಿನಾಲ್ಕು ಪುಟ ಬರೆದರು. ಬರೆದು ಮುಗಿದ ಮೇಲೆ ಅವಳು ಸಹಿ ಹಾಕಿದಳು. ಮಗುವಿನ ಜ್ವರ ಭಾನುವಾರವೇ ಇಳಿಯಿತು. ಅವಳ ಜ್ವರ ಶುರುವಾದದ್ದು ಮೂರು ವಾರದ ಮೇಲೆ, ಸ್ಟಡಿ ಸೆಂಟರಿನಿಂದ ಫೋನಿಗೆ ಸಂದೇಶ ಬಂದಾಗ.

‘ಮೂರನೇ ಪತ್ರಿಕೆಯಲ್ಲಿ ನಿಮ್ಮ ಉತ್ತರಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿದೆ. ಭಾನುವಾರದ ತರಗತಿಯಲ್ಲಿ ನೀವೇ ಅದನ್ನು ಓದಬೇಕು. ಪ್ರತಿ ಮಾಡಿಸಿ ಎಲ್ಲರಿಗೂ ಹಂಚುತ್ತೇವೆ. ಗುರುವಾರ ಸಂಜೆಯೊಳಗೆ ಕರೆ ಮಾಡಿ ತಿಳಿಸಿ. – ಸಂಯೋಜಕಿ.’

ಬೇರೆಯವಳಾಗಿದ್ದರೆ ಕುಣಿಯುತ್ತಿದ್ದಳು. ಅವಳು ಒಂದೇ ಮಾತನ್ನು ಮತ್ತೆ ಮತ್ತೆ ಓದಿದಳು. ಹಂಚುತ್ತಾರೆ! ಐದು ಪತ್ರಿಕೆಯನ್ನೂ ಬೇರೆ ಬೇರೆಯವರು ತಿದ್ದಿದ್ದರಿಂದ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಆ ದುಂಡನೆಯ ಅಕ್ಷರ ಮೂವತ್ತು ಜನರ ಕೈಗೆ ಹೋಗುತ್ತದೆ. ಅವರಲ್ಲಿ ಅವಳ ಪಕ್ಕ ಕೂತು ಅವಳ ಟಿಪ್ಪಣಿ ನೋಡಿದವರೇ ಐದಾರು ಜನ. ‘ಏನ್ರೀ, ಅಕ್ಷರ ಇದ್ದಕ್ಕಿದ್ದಂತೆ ಇಷ್ಟು ಚೆಂದ?’ ಎಂದು ಯಾರೋ ಒಬ್ಬರು ನಗುತ್ತಲೇ ಕೇಳಿದರೆ ಸಾಕು.

ಸಂದೇಶದ ಜತೆಗೆ ತಿದ್ದಿದ ಪುಟಗಳ ಚಿತ್ರವೂ ಬಂದಿತ್ತು. ಹನ್ನೆರಡನೆಯ ಪುಟದಲ್ಲಿ ಅವಳ ಕಣ್ಣು ಸಿಕ್ಕಿಹಾಕಿಕೊಂಡಿತು. ಅಲ್ಲಿದ್ದ ಆರೇಳು ಸಾಲು ಅವಳು ಹೇಳಿದ್ದೇ ಅಲ್ಲ.

‘ಒಂದು ಶಾಲೆಯಲ್ಲಿ ಮಕ್ಕಳು ನೀರಿನ ನಲ್ಲಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಬೆತ್ತದ ಹೆದರಿಕೆಗಲ್ಲ, ತಮ್ಮ ಸರದಿ ಬಂದೇ ಬರುತ್ತದೆಂಬ ನಂಬಿಕೆಗೆ. ಒಂದು ದಿನ ಶಿಕ್ಷಕಿ ಮುಖ್ಯೋಪಾಧ್ಯಾಯರ ಮಗಳಿಗೆ ಮೊದಲು ನೀರು ಕುಡಿಸಿದರು. ಮರುದಿನ ಸಾಲೇ ಇರಲಿಲ್ಲ, ನೂಕುನುಗ್ಗಲು. ಸಾಲು ಮುರಿದವರು ಮಕ್ಕಳಲ್ಲ.’

ಬದಿಯಲ್ಲಿ ಕೆಂಪು ಶಾಯಿ: ‘ಇದು ಪುಸ್ತಕದಲ್ಲಿಲ್ಲ. ಸ್ವಂತ ಆಲೋಚನೆ. ಅಭಿನಂದನೆ.’ ಅವಳು ಕಷ್ಟಪಟ್ಟು ಕಟ್ಟಿದ ಮಿಕ್ಕ ಹದಿಮೂರು ಪುಟಗಳ ಪಕ್ಕ ಬರೀ ಸರಿ ಗುರುತು.

ಮಂಗಳವಾರ ಬೆಳಿಗ್ಗೆ ಗಂಡನ ಕಿವಿಗೆ ಹಾಕಿದಳು. ಅವನು ಲಿಫ್ಟು ರಿಪೇರಿಯವನು. ಸಾಕ್ಸು ಹುಡುಕುತ್ತಲೇ ಕೇಳಿಸಿಕೊಂಡ.

“ಅಂದ್ರೆ ನಮ್ಮಮ್ಮ ರಾಜ್ಯಶಾಸ್ತ್ರದಲ್ಲಿ ಫಸ್ಟಾ!” ಎಂದು ನಕ್ಕ. “ಇದರಲ್ಲಿ ಹೊಸದೇನಿದೆ ಗಾಬರಿ? ಈ ಮನೇಲಿ ಸರ್ಕಾರ ಅಮ್ಮಂದೇ. ವಿರೋಧ ಪಕ್ಷ ನೀನು. ನಾನು ಸುಮ್ನೆ ವೋಟು ಹಾಕೋನು.”

“ನಿಮಗೆಲ್ಲಾ ತಮಾಷೆ. ನನ್ನ ನಾಲ್ಕು ವರ್ಷ ನೀರಿಗೆ ಹೋಗುತ್ತೆ.”

“ಬರಕ್ಕಾಗಲ್ಲ ಅಂತ ಹೇಳಿಬಿಡು. ಮಗೂಗೆ ಜ್ವರ ಅನ್ನು. ಬೇರೆ ಯಾರದೋ ಓದಿಸ್ತಾರೆ, ಮುಗೀತು.”

ಅದನ್ನು ಅವಳೂ ಯೋಚಿಸಿದ್ದಳು. ವಾಕ್ಯವನ್ನು ಮನಸ್ಸಿನಲ್ಲಿ ಕೂಡಿಸಿಯೂ ಇಟ್ಟಿದ್ದಳು. ಆದರೆ ಮಗುವಿಗೆ ಜ್ವರವೆಂದು ಬಾಯಲ್ಲಿ ಅಂದರೆ ನಿಜವಾಗಿಯೂ ಬಂದುಬಿಟ್ಟರೆ? ಆ ಯೋಚನೆ ಬಂದದ್ದೇ ಓಡಿಹೋಗಿ ಪುಟ್ಟಿಯ ಹಣೆ ಮುಟ್ಟಿ ನೋಡಿದ್ದಳು. ಹಣೆ ತಣ್ಣಗಿತ್ತು. ಐದು ನಿಮಿಷ ಬಿಟ್ಟು ಮತ್ತೆ ಮುಟ್ಟಿದ್ದಳು.

“ಸರಿ, ಹಾಗಾದ್ರೆ ನಿಜ ಹೇಳು,” ಎಂದ ಗಂಡ, ಒಂದು ಕಾಲಿಗೆ ಸಾಕ್ಸು ಏರಿಸಿಕೊಂಡು. “ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರನ್ನ ನೋಡ್ತೀನಲ್ಲ ನಾನು. ಒಂದು, ಎರಡು, ಮೂರು ಅಂತ ಎಲ್ಲಾ ಗುಂಡೀನೂ ಒತ್ತುತ್ತಾರೆ. ಗಂಟೆ ಬಾರಿಸೋ ಗುಂಡಿ ಒಂದು ಬಿಟ್ಟು.”

ಬುಧವಾರ ಕ್ಲಿನಿಕ್ಕಿಗೆ ಕೆನ್ನೆ ಊದಿಸಿಕೊಂಡು ಒಬ್ಬ ದರ್ಜಿ ಬಂದ. ಐದು ತಿಂಗಳಿಂದ ಅವಳು ಎಂಟು ಸಲ ಫೋನು ಮಾಡಿ ಕರೆದವನೇ. ಪ್ರತಿ ಸಲವೂ ‘ಮುಂದಿನ ವಾರ ತಾಯಿ’ ಎನ್ನುತ್ತಿದ್ದ. ಒಳಗಿನಿಂದ ವೈದ್ಯರ ದನಿ ಕೇಳಿಸಿತು: “ಆಗ ಬಂದಿದ್ರೆ ಬರೀ ತುಂಬಿಸಿ ಕಳಿಸ್ತಿದ್ದೆ ಯಜಮಾನ್ರೇ. ಈಗ ಕೀಳಬೇಕು.” ಅವಳು ಮೇಜಿನ ಮೇಲಿದ್ದ ಫೋನಿನಿಂದ ಕೈ ಹಿಂದಕ್ಕೆ ಎಳೆದುಕೊಂಡಳು. ನಾಳೆ ಇದೆಯಲ್ಲ, ನಾಳೆ ಸಂಜೆಯವರೆಗೂ ಹೊತ್ತಿದೆಯಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ದರ್ಜಿಯ ದನಿಯಲ್ಲೇ ಕೇಳಿಸಿತು.

ಗುರುವಾರ ಬಂತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕ್ಲಿನಿಕ್ ಮುಚ್ಚಿರುತ್ತದೆ. ಮನೆಗೆ ಬಂದಾಗ ಅತ್ತೆ ಕಿಟಕಿಯ ಬಳಿ ಕೂತು ಪುಟ್ಟಿಯ ಕೈಯಲ್ಲಿ ಬಳಪ ಹಿಡಿಸಿ ಸೊನ್ನೆ ತಿದ್ದಿಸುತ್ತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಫೋನು ಮುಂದೆ ಹಿಡಿದಳು.

“ಅತ್ತೆ, ಇದನ್ನ ಯಾಕೆ ಸೇರಿಸಿದ್ರಿ?”

ಅತ್ತೆ ಹನ್ನೆರಡನೆಯ ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಕೆಂಪು ಶಾಯಿಯನ್ನು ಓದುವಾಗ ಮುಖ ಅರಳಿತು. ಸೊಸೆಯ ಮುಖ ನೋಡಿ ಮುದುಡಿತು.

“ನೀನು ಹೇಳಿದ್ದೆಲ್ಲ ಸರಿಯಾಗೇ ಇತ್ತು ಕಣೇ. ಆದ್ರೆ ಸಪ್ಪೆ ಇತ್ತು. ಮೂವತ್ತೆರಡು ವರ್ಷ ಮಕ್ಕಳ ಪುಸ್ತಕ ತಿದ್ದಿದ ಕೈ ಇದು, ಸುಮ್ನೆ ಇರುತ್ತಾ? ನಿನಗೆ ಒಳ್ಳೇದೇ ಆಗ್ಲಿ ಅಂತ...”

“ಒಳ್ಳೇದೇ ಆಗಿದೆ! ಭಾನುವಾರ ಎಲ್ಲರ ಮುಂದೆ ಓದಬೇಕಂತೆ. ನಿಮ್ಮ ಅಕ್ಷರ ಎಲ್ಲರಿಗೂ ಹಂಚ್ತಾರಂತೆ. ಸಹಿ ನನ್ನದು ಅತ್ತೆ. ಸಿಕ್ಕಿಬಿದ್ರೆ ಪರೀಕ್ಷೆಗೇ ಕೂರಿಸಲ್ಲ. ಇದು ಕೊನೇ ವರ್ಷ.” ಪುಟ್ಟಿ ಬಳಪ ಕೆಳಗೆ ಹಾಕಿ ಅಮ್ಮನನ್ನೇ ನೋಡಿತು.

ಅತ್ತೆ ಕೆಳಗೆ ಬಿದ್ದ ಬಳಪ ಎತ್ತಿಟ್ಟರು. ಆಮೇಲೆ, “ಯಾರೂ ಕೇಳದೆ ಇದ್ರೆ ಸುಮ್ನಿರೋದು,” ಎಂದರು. ಅವರ ಬಾಯಿಂದ ಇಂಥ ಮಾತು ಅವಳು ಕೇಳಿದ್ದೇ ಇಲ್ಲ. ಅವರಿಗೂ ಅದು ಹೊಸದಾಗಿಯೇ ಕೇಳಿಸಿರಬೇಕು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

“ಆ ನೀರು ಕುಡಿಸಿದ ಶಿಕ್ಷಕಿ ನೀವೇ ಅಲ್ವಾ ಅತ್ತೆ?”

“ಮತ್ತಿನ್ಯಾರು.”

“ಆಮೇಲೆ ಏನು ಮಾಡಿದ್ರಿ?”

“ಮಾಡೋದೇನು. ಮಾರನೇ ದಿನ ಮಕ್ಕಳನ್ನ ಕೂರಿಸಿ, ತಪ್ಪು ನಂದು ಅಂತ ಹೇಳಿದೆ. ನಾಲಿಗೆ ಒಣಗಿಹೋಗಿತ್ತು. ಮೂರನೇ ಕ್ಲಾಸಿನ ಮಕ್ಕಳು, ಅವರ ಮುಂದೆ!”

“ಸಾಲು ಸರಿಹೋಯ್ತಾ?”

“ಎಲ್ಲಿಂದ. ಒಂದು ವಾರ ಬೇಕಾಯ್ತು. ಒಬ್ಬಳಂತೂ ದಿನಾ ಕೇಳ್ತಿದ್ಲು, ‘ಮಿಸ್, ಇವತ್ತು ಯಾರಿಗೂ ಮೊದಲು ಕೊಡಲ್ಲ ತಾನೆ?’ ಅಂತ.” ಅತ್ತೆ ಕನ್ನಡಕ ಮತ್ತೆ ಏರಿಸಿಕೊಂಡರು. “ನಾನು ಬೇಕಾದ್ರೆ ಮಾತಾಡ್ಲಾ ಆ ಮೇಡಂ ಹತ್ರ? ತಪ್ಪು ನಂದು ಅಂತ ಹೇಳ್ತೀನಿ.”

ಹಾಗೆ ಆಗಿಬಿಟ್ಟರೆ ಎಷ್ಟು ಸುಲಭ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಬರೆಯುವುದೂ ಅತ್ತೆಯೇ, ಬೈಸಿಕೊಳ್ಳುವುದೂ ಅತ್ತೆಯೇ. ಫೋನನ್ನು ಅತ್ತೆಯ ಕಡೆಗೆ ಅರ್ಧ ಚಾಚಿಯೂ ಬಿಟ್ಟಳು. ಆಮೇಲೆ ಎದೆಗೆ ಒತ್ತಿಕೊಂಡಳು.

“ಬೇಡ. ಇದನ್ನೂ ನೀವೇ ಮಾಡಿದ್ರೆ ನಾನೇನು ಮಾಡಿದ ಹಾಗಾಯ್ತು.”

ಮೂರು ಗಂಟೆ ಹತ್ತು ನಿಮಿಷ. ಸಂಖ್ಯೆ ಒತ್ತಿದಳು, ಕಡಿದಳು. ನೀರು ಕುಡಿದಳು. ಒಲೆ ಆರಿದೆಯೇ ಎಂದು ನೋಡಿ ಬಂದಳು. ಒಲೆ ಹೊತ್ತಿಸಿರಲೇ ಇಲ್ಲ. “ಹೂಂ,” ಎಂದರು ಅತ್ತೆ, ಪಾಠ ಒಪ್ಪಿಸಲು ನಿಂತು ತಡವರಿಸುವ ಮಗುವಿಗೆ ಅನ್ನುವ ಹಾಗೆ. ಅವಳು ಮತ್ತೆ ಒತ್ತಿದಳು. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಿದ್ದಾಗ, ಯಾರೂ ಎತ್ತದಿರಲಿ ಎಂದೂ ಬೇಗ ಎತ್ತಲಿ ಎಂದೂ ಒಟ್ಟಿಗೇ ಬೇಡಿಕೊಂಡಳು.

“ಹಲೋ?”

“ನಮಸ್ಕಾರ, ಡೆಂಟಲ್ ಕ್ಲಿನಿಕ್ಕಿನಿಂದ ಮಾತಾಡ್ತಿದ್ದೀನಿ,” ಎಂದುಬಿಟ್ಟಳು. ಬಾಯಿಗೆ ರೂಢಿಯಾದದ್ದು ಹೊರಬಿದ್ದಿತ್ತು.

“ನನ್ನ ಹಲ್ಲು ಚೆನ್ನಾಗಿದೆಯಮ್ಮ,” ಎಂದಿತು ಸಂಯೋಜಕಿಯ ದನಿ.

“ಅಲ್ಲ ಮೇಡಂ, ಕ್ಷಮಿಸಿ. ನಾನು ನಿಮ್ಮ ವಿದ್ಯಾರ್ಥಿನಿ. ಮೂರನೇ ಪತ್ರಿಕೆ. ಭಾನುವಾರ ಓದೋಕೆ ಹೇಳಿದ್ರಲ್ಲ.”

“ಓ, ನೀವಾ! ನೀರಿನ ಸಾಲು! ಬರ್ತೀರಿ ತಾನೆ?”

ಇಲ್ಲೇ ‘ಮಗುವಿಗೆ ಜ್ವರ’ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಕಣ್ಣು ಮುಚ್ಚಿಕೊಂಡಳು.

“ಮೇಡಂ, ಅದು ನನ್ನ ಅಕ್ಷರ ಅಲ್ಲ. ಮಗು ಕೆಳಗೆ ಇಳೀತಿರಲಿಲ್ಲ, ನಾನು ಹೇಳಿದೆ, ನಮ್ಮತ್ತೆ ಬರೆದ್ರು. ಸಹಿ ಮಾತ್ರ ನಾನು ಹಾಕಿದ್ದು. ಓದಿಯೇ ಹಾಕಿದ್ದು. ಆ ನೀರಿನ ಸಾಲಿನ ಮಾತೂ ನಂದಲ್ಲ, ಅವರದೇ. ಮಿಕ್ಕಿದ್ದು ನಂದು. ಮಿಕ್ಕ ನಾಲ್ಕು ಪತ್ರಿಕೇನೂ ನಾನೇ ಬರೆದಿದ್ದು, ನೋಡಿದ್ರೆ ನಿಮಗೇ ಗೊತ್ತಾಗುತ್ತೆ, ಓದೋಕೇ ಆಗಲ್ಲ.”

ಆ ಕಡೆ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು. ಕಾಗದ ಮಗುಚುವ ಸದ್ದು. ಮತ್ತೆ ಫ್ಯಾನು. ಕರೆ ಕಡಿದುಹೋಯಿತೇನೋ ಎಂದು ಅವಳು ಪರದೆ ನೋಡಿದಳು. ಕಡಿದಿರಲಿಲ್ಲ.

“ಈ ಉತ್ತರ ನಾನು ರದ್ದು ಮಾಡಬೇಕಾಗುತ್ತೆ,” ಎಂದರು ಸಂಯೋಜಕಿ. ದನಿಯಲ್ಲಿ ಆಗಿನ ಸಲಿಗೆ ಇರಲಿಲ್ಲ. “ಅದರ ಅಂಕ ಸೊನ್ನೆ. ಭಾನುವಾರ ಬೇರೆಯವರು ಓದ್ತಾರೆ.”

“ಹೂಂ ಮೇಡಂ.”

“ಹಾಲ್ ಟಿಕೆಟ್ ಪಟ್ಟಿ ಶನಿವಾರ ಹೋಗುತ್ತೆ. ನಾಳೆ ಐದಕ್ಕೆ ಕಚೇರಿ ಮುಚ್ತೀವಿ. ಅಷ್ಟರೊಳಗೆ ಹೊಸ ಪ್ರಶ್ನೆಗೆ ನಿಮ್ಮ ಕೈಯಲ್ಲೇ ಬರೆದು, ನೀವೇ ತಂದುಕೊಡಿ. ಪಾಸಾಗೋವಷ್ಟು ಅಂಕ, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಅದನ್ನೂ ಸಮಿತಿ ಒಪ್ಪಬೇಕು. ಒಪ್ಪುತ್ತೆ ಅಂತ ನಾನು ಮಾತು ಕೊಡಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು ಮೇಡಂ.”

“ಪೆನ್ನಿದೆಯಾ? ಪ್ರಶ್ನೆ ಹೇಳ್ತೀನಿ.”

ಪೆನ್ನು ಎಲ್ಲೂ ಕಾಣಲಿಲ್ಲ. ಅತ್ತೆ ತಟ್ಟನೆ ಎದ್ದು ಕನ್ನಡಕದ ಡಬ್ಬಿಯ ಪಕ್ಕದಿಂದ ತಮ್ಮ ಪೆನ್ನು ತೆಗೆದು, ಹಳೆಯ ಕ್ಯಾಲೆಂಡರಿನ ಹಾಳೆ ಮುಂದೆ ಎಳೆದುಕೊಂಡರು. ಬರೆಯಲು ಕೂತೇಬಿಟ್ಟಿದ್ದರು. ಸೊಸೆ ನೋಡಿದ ನೋಟಕ್ಕೆ ಕೈ ಅಲ್ಲೇ ನಿಂತಿತು. ಪೆನ್ನಿನ ಮುಚ್ಚಳ ತೆಗೆದು ಅದನ್ನು ಅವಳ ಕೈಗಿಟ್ಟರು. ಪುಟ್ಟಿಯನ್ನು ಎತ್ತಿಕೊಂಡು, ತಾವೇ ಪಾಠದ ಪುಸ್ತಕ ತೆರೆದು, ಮೆಲ್ಲಗೆ ಓದುತ್ತ ಒಳಕೋಣೆಗೆ ಹೋದರು. ನಾಳೆ ಕ್ಲಿನಿಕ್ಕಿಗೆ ರಜೆ ಕೇಳಬೇಕು, ಸಮಿತಿ ಒಪ್ಪದಿದ್ದರೆ ಏನು ಗತಿ, ಐದರೊಳಗೆ ಬಸ್ಸು ತಲುಪದಿದ್ದರೆ ಏನು ಗತಿ... ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹಾಳೆಯ ಮೇಲೆ ಕಾಗೆ ಕಾಲಿನಂಥ ಅಕ್ಷರದಲ್ಲಿ ‘ಪ್ರಶ್ನೆ’ ಎಂದು ಗೀಚಿದಳು.

“ಹೇಳಿ ಮೇಡಂ,” ಎಂದಳು, “ಬರ್ಕೊಳ್ತಿದ್ದೀನಿ.”