ಜನರ ಕಡೆ ತಿರುಗಿಸಿದ ಮುಖ

ನಮ್ಮಪ್ಪ ಯಾರನ್ನೂ ಮುಟ್ಟಿ ಮಾತಾಡಿಸಿದವರಲ್ಲ. ಮದುವೆ ಮಾಡಿ ನನ್ನನ್ನು ಬಂಗಾರಪೇಟೆಗೆ ಕಳಿಸಿದ ದಿನವೂ ಟೆಂಪೊ ಹತ್ತಿಸಿ, ಅದರ ಬಾಗಿಲನ್ನು ತಟ್ಟಿ, ‘ಉಷಾರು’ ಅಂದರು, ಅಷ್ಟೆ. ಟೆಂಪೊ ತಟ್ಟುವ ಬದಲು ನನ್ನ ತಲೆ ಮೇಲೆ ಕೈಯಿಡಬಾರದಿತ್ತೇ ಅಂತ ನನಗೆ ಇವತ್ತಿಗೂ ಸಿಟ್ಟಿದೆ. ಅದೇ ಅಪ್ಪ ವರ್ಷಕ್ಕೊಂದು ಸಲ, ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನ ನಾಟಕದಲ್ಲಿ, ಇಡೀ ಊರಿನ ಎದುರು ಒಬ್ಬ ಗಂಡಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆನ್ನೆ ಸವರಿ, ಗೋಳೋ ಅಂತ ಅಳುತ್ತಿದ್ದರು.

ಆ ಗಂಡಸು ನಮ್ಮ ಮಾವ. ರಕ್ತಸಂಬಂಧವೇನಿಲ್ಲ. ಅಪ್ಪನ ಜೊತೆ ನಂದಿದುರ್ಗ ಅನ್ನುವ ಚಿನ್ನದ ಗಣಿಯಲ್ಲಿ ನೆಲದೊಳಗೆ ಕೆಲಸ ಮಾಡಿದವನು. ಅಪ್ಪನನ್ನು ‘ಬಾವ’ ಅನ್ನುತ್ತಿದ್ದ, ಹಾಗಾಗಿ ನಮಗೆ ಮಾವನಾದ. ಗಣಿ ಮುಚ್ಚಿದ ಮೇಲೂ ಇಬ್ಬರೂ ಗಣಿಯವರು ಕಟ್ಟಿಸಿದ್ದ ಅದೇ ಲೈನಿನ ಸಾಲುಮನೆಗಳಲ್ಲಿ ಉಳಿದು, ಒಟ್ಟಿಗೇ ಕೂಲಿಗೆ ಹೋಗುತ್ತಿದ್ದರು. ನಡೆಯುವಾಗ ಇಬ್ಬರ ನಡುವೆ ಒಂದು ಎಮ್ಮೆ ಹೋಗುವಷ್ಟು ಜಾಗ. ಮಾತೆಂದರೆ ಬೈದಾಟವೇ.

ನಾಟಕದಲ್ಲಿ ಮಾತ್ರ ಅಪ್ಪ ಅಣ್ಣ, ಮಾವ ತಮ್ಮ, ಇಬ್ಬರೂ ಕಿರೀಟ ಹೊತ್ತ ರಾಜಕುಮಾರರು. ಯುದ್ಧದಲ್ಲಿ ಬಾಣ ತಗಲಿ ತಮ್ಮ ಬೀಳುತ್ತಾನೆ, ಅಣ್ಣ ಓಡಿಬಂದು ಎತ್ತಿಕೊಳ್ಳುತ್ತಾನೆ. ತಾಲೀಮಿನಲ್ಲಿ ಹಾರ್ಮೋನಿಯಂ ಮೇಷ್ಟ್ರದ್ದು ಒಂದೇ ಕೂಗಾಟ: ‘ಅವ್ನ ಮಖ ಜನದ ಕಡೀಕೆ ತಿರುಗ್ಸಯ್ಯಾ! ಅವ್ರು ಬಂದಿರಾದೇ ನೋಡಾಕೆ.’ ಬೈಸಿಕೊಂಡು ಬೈಸಿಕೊಂಡು ಅಪ್ಪ, ಮಾವನ ಗದ್ದ ಹಿಡಿದು ಮುಖವನ್ನು ಜನರ ಕಡೆ ತಿರುಗಿಸುವುದನ್ನು ಕಲಿತರು. ಪದ್ಯ ಎತ್ತಿದರೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಹೆಂಡತಿಯ ಕೈ ಹಿಡಿದು ರಸ್ತೆ ದಾಟಿಸಲೂ ನಾಚುವ ನಮ್ಮೂರ ಗಂಡಸರು ವಿಷಲ್ ಹೊಡೆದು ‘ವನ್ಸ್ ಮೋರ್’ ಅನ್ನುತ್ತಿದ್ದರು. ಪಾಪ, ಸತ್ತ ಮಾವ ಎದ್ದು ಹೋಗಿ, ಮತ್ತೆ ಬಾಣ ತಿಂದು ಬೀಳಬೇಕಿತ್ತು. ನಾನು ನಗುತ್ತಿದ್ದೆ, ಜೊತೆಗೇ ಅಳುತ್ತಲೂ ಇದ್ದೆ.

ಕಳೆದ ವರ್ಷ ಮಾವನ ಎದೆ ಕೈಕೊಟ್ಟಿತು. ಗಣಿಯ ಧೂಳು ಎಷ್ಟೋ ವರ್ಷದಿಂದ ಒಳಗೇ ಕೂತಿತ್ತು. ಬಂಗಾರಪೇಟೆಯ ಡಾಕ್ಟರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದುಬಿಟ್ಟರು. ನಾನು ನೋಡಲು ಹೋದಾಗ ಅವನು ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅಪ್ಪ ದಿನಾ ಬರುತ್ತಿದ್ದರಂತೆ. ಬಂದು, ಬಾಗಿಲಲ್ಲೇ ಕೈಕಟ್ಟಿ ನಿಂತು, ‘ಊಟ ಆಯ್ತಾ’ ಅಂತ ಕೇಳಿ ಹೊರಟುಬಿಡುತ್ತಿದ್ದರಂತೆ.

ಮಾವನ ಹೆಂಡತಿ, ನಮ್ಮತ್ತೆ, ನನ್ನ ಕಿವಿಯಲ್ಲಿ ಹೇಳಿದಳು: ‘ನಿಮ್ಮಪ್ಪ ಒಂಟೋದ್ಮೇಲೂ ಇವ್ರು ಬಾಗ್ಲ ಕಡೇನೇ ನೋಡ್ತಿರ್ತಾರೆ ಕಣಮ್ಮ. ವಸಿ ಪಕ್ಕದಾಗೆ ಕೂತ್ಕಂಡ್ರೆ ಏನಾಗ್ತದೆ?’

ಅವತ್ತು ಅಪ್ಪ ಬಂದು ಬಾಗಿಲಲ್ಲಿ ನಿಂತಾಗ ನನಗೆ ರೇಗಿಹೋಯಿತು. ‘ಜನ ಸೇರಿದ್ರೇನೇ ಮುಟ್ಟಾದಾ ಅಪ್ಪಾ ನೀನು?’ ಅಂದೆ.

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಚದ ಮೇಲೆ ಕೂತು, ದಿಂಬು ಸರಿಸಿ, ಮಾವನನ್ನು ಎದೆಗೆ ಒರಗಿಸಿಕೊಂಡರು. ಮರುಕ್ಷಣವೇ ಮಾವನ ಗದ್ದ ಹಿಡಿದು ಮುಖವನ್ನು ನಮ್ಮ ಕಡೆ, ನಾನೂ ಅತ್ತೆಯೂ ನಿಂತಿದ್ದ ಕಡೆ, ತಿರುಗಿಸಿದರು. ಬೇಕೆಂದು ಮಾಡಿದ್ದಲ್ಲ. ಪ್ರೀತಿ ಅಂದರೆ ಆ ಕೈಗಳಿಗೆ ಗೊತ್ತಿದ್ದದ್ದೇ ಅಷ್ಟು.

‘ಜನ ಇಲ್ಲ ಬಾವಾ,’ ಮಾವ ಒಂದೊಂದು ಮಾತಿಗೂ ಉಸಿರು ಹುಡುಕುತ್ತ ಅಂದ. ‘ನಿನ್ ಕಡೀಕೆ ತಿರುಗ್ಸು.’

ಅಪ್ಪ ತಿರುಗಿಸಿಕೊಂಡರು. ನಮಗೆ ಕಂಡದ್ದು ಮಾವನ ಹಿಂದಲೆ ಮಾತ್ರ. ಅಷ್ಟೊಂದು ಪದ್ಯ ಬಾಯಲ್ಲಿದ್ದ ಅಪ್ಪ, ‘ನಿಧಾನ್ಕೆ... ನಿಧಾನ್ಕೆ ಎಳ್ಕಳ್ಳಲಾ’ ಅಂತ ಮಗುವಿಗೆ ಹೇಳಿಕೊಟ್ಟಂತೆ ಉಸಿರಾಡುವುದನ್ನು ಹೇಳಿಕೊಡುತ್ತಿದ್ದರು. ಅವರ ಕಣ್ಣೀರು ಮಾವನ ಕೂದಲೊಳಗೆ ಇಳಿಯುತ್ತಿತ್ತು. ಅತ್ತೆ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದು ಬಾಗಿಲು ಮುಂದೆ ಮಾಡಿದಳು.

ಮಾವ ಆ ವಾರವೇ ಹೋದ. ಹೆಣದ ಹತ್ತಿರ ಅಪ್ಪ ಮತ್ತೆ ಕೈಕಟ್ಟಿ ನಿಂತಿದ್ದರು. ‘ನಾಟಕದಾಗೆ ಅಂಗೆ ಅಳ್ತಿದ್ದ, ಈಗ ನೋಡ್ಲಾ, ಕಣ್ಣಾಗೆ ಒಂದನಿ ನೀರಿಲ್ಲ’ ಅಂತ ಊರಿಂದ ಬಂದವರು ಆಡಿಕೊಂಡರು. ಆ ಮಂಚದ ಮೇಲೆ ನಾನು ಕಂಡದ್ದು, ಅವರಿಗೆ ಹೇಳುವ ವಿಷಯವಲ್ಲ ಅದು.

ಮಣ್ಣು ಮಾಡಿ ಬಂದ ಮೇಲೆ ಅಪ್ಪ ನಲ್ಲಿಯ ಹತ್ತಿರ ಕೈಕಾಲು ತೊಳೆದು, ಒದ್ದೆ ಕೈಗಳನ್ನೇ ನೋಡುತ್ತ ನಿಂತುಬಿಟ್ಟರು. ನಾನು ಟವೆಲ್ ತೆಗೆದುಕೊಂಡು ಹೋದೆ.

‘ಅವತ್ತು ಅವ್ನ ತಲೆ ಅಷ್ಟ್ ಅಗುರ ಆಗೋಗಿತ್ತು ಕಣಮ್ಮ,’ ಅಂದರು. ‘ಕಿರೀಟ ಇಲ್ವಲ್ಲ, ಅದ್ಕೇ ಅನ್ಕಂಡೆ.’