ಮಿಲಿಟ್ರಿ ಮುತ್ಯಾನಿಗೆ ಇಟ್ಟ ಎಡೆ

ನಮ್ಮ ಮನೆಯಲ್ಲಿ ವರ್ಷಾವರ್ಷ ಸತ್ತವರೆಂದು ಯಾರಿಗೆ ಎಡೆ ಇಡುತ್ತಿದ್ದರೋ ಆ ಹಿರಿಯರು ಆಗೆಲ್ಲ ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ಜೋಳ ಬಿತ್ತಿಕೊಂಡು ಜೀವಂತವಾಗಿದ್ದರು. ಇದು ನನಗೆ ಗೊತ್ತಾಗಿದ್ದು ಮಂಡ್ಯ ಬಿಟ್ಟು ಇಲ್ಲಿ ಕಲಬುರಗಿಯ ಕಾಲೇಜಿಗೆ ಪಾಠ ಹೇಳಲು ಬಂದ ಮೇಲೆ.

ಅವರು ಅಪ್ಪನ ಚಿಕ್ಕಪ್ಪ. ಅಪ್ಪ ಹುಟ್ಟುವ ಮೊದಲೇ ಅಣ್ಣನೊಡನೆ, ಅಂದರೆ ನನ್ನ ತಾತನೊಡನೆ, ಜಗಳವಾಡಿ ಸೈನ್ಯ ಸೇರಿದವರು ಯುದ್ಧದಲ್ಲಿ ಕಾಣೆಯಾದರೆಂದು ಸುದ್ದಿ ಬಂತು. ಅಂದಿನಿಂದ ಮಹಾಲಯ ಅಮಾವಾಸ್ಯೆಗೆ ಅವರ ಹೆಸರಿನಲ್ಲಿ ಬಾಳೆಲೆ, ಮುದ್ದೆ, ಪಾಯಸ, ಹೊಸ ಪಂಚೆ. ಸತ್ತವರು ಬಂದು ಉಣ್ಣಲೆಂದು ಆಮೇಲೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು ನಮ್ಮ ಕಡೆಯ ಪದ್ಧತಿ. ಅವರು ಎಲ್ಲಿ ಸತ್ತರೆಂದು ತಿಳಿಯದೆ ಕಣ್ಣು ಮುಚ್ಚಲಾರೆ ಎನ್ನುವುದು ಎಪ್ಪತ್ತು ದಾಟಿದ ಅಪ್ಪನ ಹಟ. ಸೈನ್ಯದ ಕಚೇರಿಗಳಿಗೆ ಬರೆದು ಬರೆದು ಸಾಕಾಗಿತ್ತು. ಕೊನೆಗೆ ಮಹಾಗಾಂವದ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ರೊಟ್ಟಿ ಮುರಿಯುತ್ತ, “ನಮ್ಮೂರಾಗ ಒಬ್ರು ಮಿಲಿಟ್ರಿ ಮುತ್ಯಾ ಇದ್ರು ನೋಡ್ರಿ. ನಿಮ್ಮ ಮಂಡ್ಯ ಕಡಿಯವ್ರ” ಎಂದರು. ಮುತ್ಯಾ ಎಂದರೆ ಇಲ್ಲಿ ಅಜ್ಜ.

ಮಹಾಗಾಂವದಲ್ಲಿ ಇಳಿಯಲು ಕಮಲಾಪುರದ ಬಸ್ಸು ಹತ್ತಿದೆ. ಇಲ್ಲಿಯವರು ದಾರಿಹೋಕರಿಗೂ ‘ಬರ್ರಿ, ಕುಂದರ್ರಿ’ ಎನ್ನುವವರು. ನಾನು ಯಾರೆಂದು ಹೇಳಿದರೂ ಮುತ್ಯಾನ ಮಗ ಶರಣಪ್ಪ ಹಾಗೆನ್ನಲಿಲ್ಲ.

“ಹೊಲದಾಗ ಪಾಲು ಕೇಳಾಕ ಬಂದೀರೇನ್ರಿ?”

“ಇಲ್ಲ. ಅವರು ಎಲ್ಲಿ ತೀರಿಕೊಂಡರು ಅಂತ ಅಪ್ಪನಿಗೆ ಹೇಳಬೇಕಿತ್ತು.”

ಶರಣಪ್ಪ ನಿಂತೇ ಹೇಳಿದರು. ಶತ್ರುಸೈನ್ಯದ ಸೆರೆಯಿಂದ ಬಿಡುಗಡೆಯಾದ ಮೇಲೆ ಅವರ ತಂದೆ, ಸತ್ತ ಜೊತೆಗಾರನ ಪೆಟ್ಟಿಗೆಯನ್ನು ಅವನ ತಾಯಿಗೆ ಮುಟ್ಟಿಸಲು ಈ ಊರಿಗೆ ಬಂದರು. ಆ ತಾಯಿಗೆ ಮಗನಾಗಿ ಇಲ್ಲೇ ಉಳಿದರು. ಎಷ್ಟೋ ವರ್ಷಕ್ಕೆ ಅಣ್ಣನ ಮೇಲಿನ ಸಿಟ್ಟು ಇಳಿದು ಒಮ್ಮೆ ಊರಿಗೆ ಹೋಗಿದ್ದರು.

“ಅವತ್ತ ಅಮಾಸಿ. ದೊಡ್ಡೋರು ಹಿತ್ತಲದಾಗ ಇದ್ರಂತ. ಮುಚ್ಚಿದ ಬಾಗಲ ಮುಂದ ಒಂದು ಸಣ್ಣ ಹುಡುಗ. ‘ಒಳಗ ಹೋಗಬ್ಯಾಡ, ಸತ್ತ ನಮ್ಮ ಚಿಕ್ಕಪ್ಪ ಉಣ್ಣಾಕತ್ತಾರ’ ಅಂತ ನಮ್ಮಪ್ಪಗೇ ಹೇಳ್ತಂತ. ನಮ್ಮಪ್ಪ ಹಂಗೇ ಹೊಳ್ಳಿ ಬಂದ. ಇದನ್ನ ನಿಮ್ಮಪ್ಪಗ ಹೇಳ್ತೀರೇನ್ರಿ?”

ಆ ಕಾಲಕ್ಕೆ ನಮ್ಮ ಮನೆಯಲ್ಲಿದ್ದ ಹುಡುಗ ಒಬ್ಬನೇ, ಅದು ನನ್ನಪ್ಪ. ಹೇಳದಿದ್ದರೆ ಈ ಮನೆಗೆ ಮೋಸ, ಹೇಳಿದರೆ ಆ ಮನೆಗೆ ಪೆಟ್ಟು. ಎರಡೂ ನನ್ನವೇ. ಹೇಳುತ್ತೇನೆ ಎಂದೆ.

“ಕುಂದರು ಯವ್ವಾ” ಎಂದರು ಶರಣಪ್ಪ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಂದವು.

ಕಲಬುರಗಿಯ ಜಗತ್ ವೃತ್ತದಲ್ಲಿ ಬಸ್ಸು ಇಳಿದು, ಹಾರನ್‌ಗಳ ನಡುವೆಯೇ ಅಪ್ಪನಿಗೆ ಫೋನ್ ಮಾಡಿದೆ. ರೂಮಿಗೆ ಹೋದರೆ ಧೈರ್ಯ ಉಳಿಯುವುದಿಲ್ಲ ಎಂಬ ಭಯ. ಏನನ್ನೂ ಮುಚ್ಚಿಡದೆ ಹೇಳಿದೆ. ಅಪ್ಪ ಅಳಲಿಲ್ಲ. “ಅವತ್ತು ಅವರು ಎಲ್ಲಾದ್ರೂ ಊಟ ಮಾಡಿದ್ರಂತಾ?” ಎಂದು ಕೇಳಿದರು.

ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ.