ಪ್ರಸಾದದ ಲೆಕ್ಕ

ಕೂಸು ಇನ್ನೇನು ಕಣ್ಣು ಮುಚ್ಚಬೇಕು, ಮತ್ತೆ ಬೆಲ್ಲು. ಈ ಜನಕ್ಕೆ ಬೇರೆ ಹೊತ್ತೇ ಸಿಗುವುದಿಲ್ಲ. ಬಂದವನು ನಮ್ಮ ವಿಜಾಪುರ ಕಡೆಯವ. ಇಲ್ಲಿ ಗಲ್ಫಿನ ರೂವಿ ಪೇಟೆಯಲ್ಲಿ ಅವನ ಕಿರಾಣಿ ಅಂಗಡಿ. ಅದರ ಲೆಕ್ಕವನ್ನು ನಾನು ಮನೆಯಲ್ಲೇ ಬರೆದುಕೊಡುತ್ತಿದ್ದೆ.

“ಅಕ್ಕಾರ, ಇನ್ನು ಮ್ಯಾಲ ‘ಕಷಾಯದ ಪುಡಿ’ ಬ್ಯಾಡ, ‘ಮೆಂತ್ಯೆ’ ಅಂತ ಬರೀರಿ.”

“ಯಾಕ?”

“ಅದು ಭಂಗಿ ಪುಡಿ ರೀ.”

“ಗಾಂಜಾನಾ? ಇಲ್ಲಿ ಸಿಕ್ಕಿಬಿದ್ದರ ಜೈಲು!”

“ನಮ್ಮ ಕಡೆ ಮಠದಾಗ ಪ್ರಸಾದ ಅಂತ ಕೊಡ್ತಾರಲ್ರೀ.”

“ಹೌದಪ್ಪಾ, ಪೊಲೀಸರಿಗೂ ಒಂದೊಂದು ಚಮಚ ಕೊಡು. ಕೈಮುಗಿದು ಕಣ್ಣಿಗೊತ್ತಿಕೊಂಡು ತಗೋತಾರ.”

“ನೀವು ಮಾಲು ಮುಟ್ಟಂಗಿಲ್ಲ, ಬರಿಯೂದಷ್ಟ.”

“ಖಲಾಸ್! ನಿನ್ನ ಪ್ರಸಾದದ ಲೆಕ್ಕ ನೀನ ಬರಕೋ. ನನಗ ಸಣ್ಣ ಕೂಸೈತಿ” ಎಂದು ಲೆಕ್ಕದ ಪುಸ್ತಕವನ್ನು ಅವನ ಎದೆಗೆ ತಳ್ಳಿದೆ.

ಅವನು ಸಿಟ್ಟಾಗಲಿಲ್ಲ. ಪುಟ ತಿರುವುತ್ತ ಮೆತ್ತಗೆ ಕೇಳಿದ: “ಹಂಗಾರ ಇಲ್ಲೀತನಕ ಬರದದ್ದು ಯಾರ ಅಕ್ಷರ, ಅಕ್ಕಾರ?”